ಬೆಳ್ಳಗಿರುವುದೆಲ್ಲ ಹಾಲಲ್ಲ: ತರ್ಕದ ಮೊದಲ ಪಾಠ ಮತ್ತು ಐದು ತಾಲ್ಲೂಕುಗಳ ಆಡುಮಾತು

ತರ್ಕಶಾಸ್ತ್ರದ ಪ್ರವೇಶ ಪಾಠ ಸಾಮಾನ್ಯವಾಗಿ ಒಂದು ಸಾವಿನಿಂದ ಆರಂಭವಾಗುತ್ತದೆ. ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಸಾಕ್ರೆಟಿಸ್ ಮರ್ತ್ಯ. ಜಗತ್ತಿನ ಬಹುತೇಕ ಪಠ್ಯಗಳಂತೆ ಕನ್ನಡದ ಪಠ್ಯಗಳೂ ಈ ಉದಾಹರಣೆಯನ್ನು ಬಳಸಿಕೊಂಡಿವೆ. ಉದಾಹರಣೆಯಲ್ಲಿ ದೋಷವಿಲ್ಲ. ಆದರೆ ಕೂಡ್ಲಿಗಿಯ ಅಥವಾ ಹಗರಿಬೊಮ್ಮನಹಳ್ಳಿಯ ಪದವಿಪೂರ್ವ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೆ ಸಾಕ್ರೆಟಿಸ್ ಅಪರಿಚಿತ. ಪರಿಚಯವಾದೊಡನೆ ತಿಳಿಯುವ ಮೊದಲ ಸಂಗತಿಯೆಂದರೆ ಆತ ತೀರಿಕೊಂಡು ಎರಡು ಸಾವಿರದ ನಾನೂರು ವರ್ಷಗಳಾದವು ಎಂಬುದು. ಸತ್ತವನು ಸಾಯುತ್ತಾನೆಂದು ಮೂರು ವಾಕ್ಯಗಳಲ್ಲಿ ಸಾಧಿಸುವ ಅಗತ್ಯವೇನೆಂದು ಆ ವಿದ್ಯಾರ್ಥಿ ಕೇಳಿದರೆ ಅದನ್ನು ಉದ್ಧಟತನವೆನ್ನುವಂತಿಲ್ಲ. ಆ ಪ್ರಶ್ನೆಯೇ ತರ್ಕದ ಮೊದಲ ಹೆಜ್ಜೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಈ ಸೀಮೆಯ ಆಡುಮಾತು, ಗಾದೆ, ಜಾತ್ರೆ, ಬಸ್ಸು, ನಗೆಮಾತುಗಳನ್ನು ಆಧರಿಸಿ ತರ್ಕದ ಆರಂಭಿಕ ಪಾಠಗಳನ್ನು ಕಟ್ಟಬಹುದೇ, ಕಟ್ಟಿದರೆ ಅದರಿಂದ ಆಗುವ ಪ್ರಯೋಜನವೇನು, ಅದರ ಮಿತಿಯೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಗೆಯ ಉದಾಹರಣೆ ಪಾಠವನ್ನು ಹಗುರಗೊಳಿಸುವ ಒಗ್ಗರಣೆಯಷ್ಟೇ ಎಂಬ ಭಾವನೆ ಅಧ್ಯಾಪನ ವಲಯದಲ್ಲಿದೆ. ನಗೆ ಹುಟ್ಟುವುದೇ ಅನುಮಾನದ ಯಾವುದೋ ಒಂದು ಕೀಲು ಸಡಿಲವಾದಾಗ. ಆ ಕೀಲನ್ನು ಗುರುತಿಸುವ ಕೆಲಸವೇ ತರ್ಕದ ಅಭ್ಯಾಸ ಎಂಬುದು ಇಲ್ಲಿನ ಪ್ರತಿಪಾದನೆ.

1. ಎರಡು ಭಾಷೆಗಳ ನಡುವೆ

ಈ ಸೀಮೆಗೆ ತರ್ಕ ಹೊಸದಲ್ಲ. ವಿಜಯನಗರದಲ್ಲಿ ಬಾಳಿದ ವ್ಯಾಸತೀರ್ಥರ (1460–1539) ‘ತರ್ಕತಾಂಡವ’ ಭಾರತೀಯ ತರ್ಕ ಪರಂಪರೆಯ ಪ್ರಮುಖ ಗ್ರಂಥಗಳಲ್ಲೊಂದು. ‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’ಗಳೊಡನೆ ಅದನ್ನು ವ್ಯಾಸತ್ರಯವೆಂದು ಕರೆಯುವುದುಂಟು. ಅವರ ಬೃಂದಾವನವಿರುವುದು ಆನೆಗುಂದಿಯ ಬಳಿಯ ನವಬೃಂದಾವನದಲ್ಲಿ. ಇದೇ ವ್ಯಾಸರಾಯರು ಕನ್ನಡದಲ್ಲಿ ಕೀರ್ತನೆಗಳನ್ನೂ ರಚಿಸಿದರು. ಒಬ್ಬರೇ ವ್ಯಕ್ತಿ ತರ್ಕವನ್ನು ಸಂಸ್ಕೃತದಲ್ಲಿಯೂ ಭಕ್ತಿಯನ್ನು ಕನ್ನಡದಲ್ಲಿಯೂ ಬರೆದರೆಂಬ ಸಂಗತಿ ಗಮನಾರ್ಹ. ವಿದ್ವತ್ತಿನ ವಾದ ಒಂದು ಭಾಷೆಯಲ್ಲಿ, ಜನರೊಡನೆ ಮಾತು ಮತ್ತೊಂದು ಭಾಷೆಯಲ್ಲಿ ಎಂಬ ಈ ಹಂಚಿಕೆ ಅಂದಿನ ವಿದ್ವತ್ ಲೋಕದ ರೂಢಿಯೇ ಆಗಿತ್ತು. ಆಧುನಿಕ ಶಿಕ್ಷಣದಲ್ಲಿ ಸಂಸ್ಕೃತದ ಸ್ಥಾನಕ್ಕೆ ಇಂಗ್ಲಿಷ್ ಬಂದಿತೇ ವಿನಾ ಹಂಚಿಕೆ ಬದಲಾಗಲಿಲ್ಲ. ಕನ್ನಡ ಮಾಧ್ಯಮದ ತರ್ಕ ಪಠ್ಯದಲ್ಲಿ ಪರಿಭಾಷೆ ಸಂಸ್ಕೃತದ್ದು, ಚೌಕಟ್ಟು ಅರಿಸ್ಟಾಟಲನದು, ಉದಾಹರಣೆ ಇಂಗ್ಲಿಷ್ ಪುಸ್ತಕದ್ದು. ಕನ್ನಡದ ಪಾಲಿಗೆ ಉಳಿದದ್ದು ಕ್ರಿಯಾಪದ ಮಾತ್ರ.

ಆದರೆ ಶಾಸ್ತ್ರ ತನ್ನ ಮೂಲದಲ್ಲಿ ದಿನಬಳಕೆಯಿಂದ ದೂರವಿರಲಿಲ್ಲ. ನ್ಯಾಯದರ್ಶನದ ಐದು ಅವಯವಗಳ ಅನುಮಾನಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ ಅಡುಗೆಮನೆಯದು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿರುವಲ್ಲಿ ಬೆಂಕಿಯಿರುತ್ತದೆ, ಅಡುಗೆಮನೆಯಲ್ಲಿ ಇರುವಂತೆ, ಈ ಬೆಟ್ಟದಲ್ಲಿಯೂ ಅಂತಹ ಹೊಗೆಯಿದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ. ಮೂರನೆಯ ಹೆಜ್ಜೆಯಲ್ಲಿ ಒಲೆಯ ಮುಂದೆ ಕುಳಿತವರ ಅನುಭವವನ್ನು ಸಾಕ್ಷಿಗೆ ಕರೆಯಲಾಗಿದೆ. ಒಂದು ಅಗುಳನ್ನು ಹಿಚುಕಿ ಮಡಕೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವ ಸ್ಥಾಲೀಪುಲಾಕ ನ್ಯಾಯವೂ ಅಡುಗೆಮನೆಯಿಂದಲೇ ಬಂದದ್ದು.

ಪಶ್ಚಿಮದಲ್ಲಿಯೂ ಇಂತಹ ಪ್ರಯತ್ನಗಳಿವೆ. ಆಕ್ಸ್‌ಫರ್ಡಿನಲ್ಲಿ ಗಣಿತದ ಉಪನ್ಯಾಸಕರಾಗಿದ್ದ ಚಾರ್ಲ್ಸ್ ಡಾಜ್‌ಸನ್, ಲೂಯಿ ಕ್ಯಾರೊಲ್ ಎಂಬ ಹೆಸರಿನಲ್ಲಿ 1886ರಲ್ಲಿ ‘ದಿ ಗೇಮ್ ಆಫ್ ಲಾಜಿಕ್’, 1896ರಲ್ಲಿ ‘ಸಿಂಬಾಲಿಕ್ ಲಾಜಿಕ್’ ಎಂಬ ಕೃತಿಗಳನ್ನು ಪ್ರಕಟಿಸಿದರು. ಅಸಂಗತವೂ ಹಾಸ್ಯಮಯವೂ ಆದ ವಾಕ್ಯಗಳನ್ನು ಕೊಟ್ಟು ತೀರ್ಮಾನ ತೆಗೆಯಿಸುವುದು ಅವರ ಕ್ರಮ. ವಾಕ್ಯದ ವಿಷಯ ನಂಬಲಾಗದಂತಿದ್ದಾಗ ಓದುಗನ ಗಮನ ವಿಷಯದಿಂದ ಕಳಚಿಕೊಂಡು ವಾಕ್ಯಗಳ ನಡುವಿನ ಸಂಬಂಧದ ಕಡೆಗೆ ಹೊರಳುತ್ತದೆ. ನಗೆಯ ಶೈಕ್ಷಣಿಕ ಉಪಯೋಗ ಇಲ್ಲಿ ಸ್ಪಷ್ಟವಾಗಿದೆ.

2. ನಿಜ ಮತ್ತು ಸಿಂಧು

ಪ್ರವೇಶ ಪಾಠದ ಮೊದಲ ತೊಡಕು ವಾಕ್ಯದ ಸತ್ಯಕ್ಕೂ ಅನುಮಾನದ ಸಿಂಧುತ್ವಕ್ಕೂ ಇರುವ ಅಂತರ. ಇದನ್ನು ವಿವರಿಸಲು ಕನ್ನಡದಲ್ಲಿ ಒಂದು ಗಾದೆ ಸಿದ್ಧವಾಗಿದೆ: ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಗಾದೆಯ ಒಳಗಿರುವ ಅನುಮಾನವನ್ನು ಬಿಡಿಸಿಟ್ಟರೆ ಅದು ಹೀಗಾಗುತ್ತದೆ. ಈದ ರಾಸುಗಳನ್ನೆಲ್ಲ ಕೊಟ್ಟಿಗೆಗೆ ಕಟ್ಟಬೇಕು; ಈ ಎತ್ತು ಈದ ರಾಸು; ಆದ್ದರಿಂದ ಇದನ್ನು ಕೊಟ್ಟಿಗೆಗೆ ಕಟ್ಟಬೇಕು. ಈ ಅನುಮಾನದ ರೂಪದಲ್ಲಿ ಎಳ್ಳಷ್ಟೂ ದೋಷವಿಲ್ಲ. ಸಾಕ್ರೆಟಿಸನ ಸಾವನ್ನು ಸಾಧಿಸಿದ್ದೂ ಇದೇ ರೂಪ. ದೋಷವಿರುವುದು ಎರಡನೆಯ ಆಧಾರವಾಕ್ಯದಲ್ಲಿ, ಎತ್ತು ಈಯುವುದಿಲ್ಲ.

ರೈತ ಕುಟುಂಬದಿಂದ ಬಂದ ವಿದ್ಯಾರ್ಥಿ ಈ ಗಾದೆಗೆ ನಕ್ಕ ಕ್ಷಣದಲ್ಲಿಯೇ ಒಂದು ವಿವೇಚನೆಯನ್ನು ಮಾಡಿರುತ್ತಾನೆ. ಹೇಳಿದವನು ಹೆಜ್ಜೆ ತಪ್ಪಲಿಲ್ಲ, ನಿಂತ ನೆಲವನ್ನು ನೋಡಲಿಲ್ಲ ಎಂಬುದು ಅವನಿಗೆ ತಿಳಿದಿದೆ. ಅಧ್ಯಾಪಕನ ಕೆಲಸ ಆ ತಿಳಿವಿಗೆ ಹೆಸರು ಕೊಡುವುದಷ್ಟೆ: ಅನುಮಾನ ಸಿಂಧು, ಆಧಾರವಾಕ್ಯ ಅಸತ್ಯ. ಇದಕ್ಕೆ ವಿರುದ್ಧವಾದ ಉದಾಹರಣೆಯನ್ನೂ ಒಡನೆಯೇ ಕೊಡಬಹುದು. ಎಮ್ಮೆಗೆ ನಾಲ್ಕು ಕಾಲು. ಆಕಳಿಗೆ ನಾಲ್ಕು ಕಾಲು. ಆದ್ದರಿಂದ ಆಕಳು ಹಾಲು ಕೊಡುತ್ತದೆ. ಇಲ್ಲಿ ಮೂರು ವಾಕ್ಯಗಳೂ ನಿಜ, ಆದರೆ ಮೊದಲ ಎರಡರಿಂದ ಮೂರನೆಯದು ಹುಟ್ಟುವುದಿಲ್ಲ. ಆಕಳಿನ ಜಾಗದಲ್ಲಿ ಮಂಚವನ್ನು ತಂದರೆ ತರಗತಿ ನಗುತ್ತದೆ. ಮಂಚಕ್ಕೂ ನಾಲ್ಕು ಕಾಲಿದೆ, ಆದ್ದರಿಂದ ಅದೂ ಹಾಲು ಕೊಡಬೇಕು. ಪದವನ್ನು ಬದಲಿಸಿ ರೂಪವನ್ನು ಪರೀಕ್ಷಿಸುವ ಈ ವಿಧಾನವೇ ತರ್ಕಶಾಸ್ತ್ರದ ಪ್ರತ್ಯುದಾಹರಣೆ.

3. ಎಲ್ಲ, ಕೆಲವು, ಇಲ್ಲ

ಹಾಲೆಲ್ಲ ಬೆಳ್ಳಗಿರುತ್ತದೆ ಎಂಬುದರಿಂದ ಬೆಳ್ಳಗಿರುವುದೆಲ್ಲ ಹಾಲು ಎಂದು ತೀರ್ಮಾನಿಸುವುದು ವಾಕ್ಯದ ಅಕ್ರಮ ಪರಿವರ್ತನೆ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆ ಈ ದೋಷಕ್ಕೆ ಜನ ಕೊಟ್ಟ ಎಚ್ಚರಿಕೆ. ಸರ್ವವ್ಯಾಪಿ ಭಾವವಾಕ್ಯವನ್ನು ತಿರುವಿ ಹಾಕಿದಾಗ ಅದು ಸರ್ವವ್ಯಾಪಿಯಾಗಿ ಉಳಿಯುವುದಿಲ್ಲ; ‘ಬೆಳ್ಳಗಿರುವ ಕೆಲವು ವಸ್ತುಗಳು ಹಾಲು’ ಎಂದಷ್ಟೇ ಹೇಳಬಹುದು ಎಂಬ ನಿಯಮ ಗಾದೆಯಲ್ಲಿ ಅಡಕವಾಗಿದೆ.

ಕನ್ನಡ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದು ಇಲ್ಲಿದೆ. ಗಾದೆಯ ವಾಕ್ಯರಚನೆಯೇ ದ್ವಂದ್ವಾರ್ಥಕ್ಕೆ ಎಡೆಕೊಡುತ್ತದೆ. ಅಕ್ಷರಶಃ ಓದಿದರೆ ಬೆಳ್ಳಗಿರುವ ಪ್ರತಿಯೊಂದೂ ಹಾಲಲ್ಲ ಎಂದಾಗುತ್ತದೆ. ಆಗ ಹಾಲೂ ಹಾಲಲ್ಲವೆಂಬ ವಿಪರೀತ ತೀರ್ಮಾನಕ್ಕೆ ಬರಬೇಕಾಗುತ್ತದೆ. ಯಾವ ಕನ್ನಡಿಗನೂ ಗಾದೆಯನ್ನು ಹಾಗೆ ಗ್ರಹಿಸುವುದಿಲ್ಲ. ‘ಎಲ್ಲ’ ಮತ್ತು ನಿಷೇಧ ಒಂದೇ ವಾಕ್ಯದಲ್ಲಿ ಬಂದಾಗ ಯಾವುದು ಯಾವುದನ್ನು ಆಳುತ್ತದೆಂಬುದನ್ನು ಕೇಳುಗ ಸಂದರ್ಭದಿಂದ ನಿರ್ಧರಿಸುತ್ತಾನೆ. ‘ಎಲ್ಲರೂ ಬಂದಿಲ್ಲ’ ಎಂಬ ಮಾತು ಇನ್ನೂ ತೊಡಕಿನದು. ಒಬ್ಬರೂ ಬಂದಿಲ್ಲ ಎಂದೇ, ಕೆಲವರು ಮಾತ್ರ ಬಂದಿದ್ದಾರೆ ಎಂದೇ? ಗ್ರಾಮಸಭೆಯಲ್ಲಿ ಕೋರಂ ಇಲ್ಲವೆಂದು ಸಭೆ ಮುಂದೂಡಬೇಕೇ ಬೇಡವೇ ಎಂಬುದು ಈ ಒಂದು ವಾಕ್ಯದ ಅರ್ಥವನ್ನು ಅವಲಂಬಿಸಿರಬಹುದು. ಇಂಗ್ಲಿಷ್ ಪಠ್ಯದ ಅನುವಾದದಲ್ಲಿ ಈ ಸಮಸ್ಯೆ ಮೇಲೆ ಬರುವುದೇ ಇಲ್ಲ. ಕನ್ನಡದ್ದೇ ವಾಕ್ಯಗಳನ್ನು ಎತ್ತಿಕೊಂಡಾಗ ತರ್ಕದ ಪಾಠ ವ್ಯಾಕರಣದ ಪಾಠವೂ ಆಗುತ್ತದೆ.

4. ‘-ರೆ’ ಎಂಬ ಪ್ರತ್ಯಯ ಮತ್ತು ಅಜ್ಜಿಯ ಕೋಳಿ

ಷರತ್ತಿನ ವಾಕ್ಯಗಳ ವಿಷಯದಲ್ಲಿ ಕನ್ನಡದ ವ್ಯವಸ್ಥೆ ಅಚ್ಚುಕಟ್ಟಾದುದು. ‘ಓದಿದರೆ ಪಾಸಾಗುತ್ತಾನೆ’, ‘ಓದಿದರೆ ಮಾತ್ರ ಪಾಸಾಗುತ್ತಾನೆ’, ‘ಓದಿದರೂ ಪಾಸಾಗುವುದಿಲ್ಲ’ ಎಂಬ ಮೂರು ವಾಕ್ಯಗಳನ್ನು ಹೋಲಿಸಬಹುದು. ಮೊದಲನೆಯದರಲ್ಲಿ ಓದು ಸಾಕಷ್ಟಾದ ಕಾರಣ. ಎರಡನೆಯದರಲ್ಲಿ ಅಗತ್ಯವಾದ ಕಾರಣ. ಮೂರನೆಯದು ಆ ಸಂಬಂಧವನ್ನೇ ನಿರಾಕರಿಸುತ್ತದೆ. ಆಡುಮಾತಿನಲ್ಲಿ ಮೊದಲನೆಯದನ್ನು ಎರಡನೆಯದೆಂದು ಭಾವಿಸುವ ರೂಢಿಯಿದೆ. ಅಪ್ಪ ‘ಹೊಲಕ್ಕೆ ಬಂದರೆ ಜಾತ್ರೆಗೆ ದುಡ್ಡು ಕೊಡ್ತೀನಿ’ ಎಂದಾಗ, ಬಾರದಿದ್ದರೆ ದುಡ್ಡಿಲ್ಲ ಎಂದು ಮಗ ತಾನೇ ತಿಳಿದುಕೊಳ್ಳುತ್ತಾನೆ. ಅಪ್ಪ ಹಾಗೆ ಹೇಳಿರಲಿಲ್ಲ. ಮನೆಯಲ್ಲಿ ಈ ಊಹೆ ಉಪಯುಕ್ತ. ಶಾಸ್ತ್ರದಲ್ಲಿ ಅದು ದೋಷ.

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿಯ ಕಥೆ ಕನ್ನಡನಾಡಿನಲ್ಲೆಲ್ಲ ಪರಿಚಿತ. ಊರವರ ಮೇಲೆ ಸಿಟ್ಟಾಗಿ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಿ ಊರು ಬಿಡುತ್ತಾಳೆ. ಊರು ಕತ್ತಲಲ್ಲಿ ಕೊಳೆಯಲಿ ಎಂಬುದು ಆಕೆಯ ಶಾಪ. ಆಕೆಯ ವಾದವನ್ನು ಮೂರು ವಾಕ್ಯಗಳಲ್ಲಿ ಬರೆಯಬಹುದು. ಕೋಳಿ ಕೂಗಿದರೆ ಬೆಳಗಾಗುತ್ತದೆ, ಕೋಳಿ ಕೂಗುವುದಿಲ್ಲ, ಆದ್ದರಿಂದ ಬೆಳಗಾಗುವುದಿಲ್ಲ. ಷರತ್ತಿನ ಮೊದಲ ಭಾಗವಾದ ಪೂರ್ವಾಂಗವನ್ನು ನಿರಾಕರಿಸಿ ಎರಡನೆಯ ಭಾಗವಾದ ಉತ್ತರಾಂಗವನ್ನೂ ನಿರಾಕರಿಸುವ ಈ ದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಇದರ ಜೋಡಿ ದೋಷ ಉತ್ತರಾಂಗವನ್ನು ಒಪ್ಪಿ ಪೂರ್ವಾಂಗವನ್ನು ಸಾಧಿಸುವುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯವನ್ನೇ ತೆಗೆದುಕೊಳ್ಳಬಹುದು. ಮೇಲ್ಭಾಗದಲ್ಲಿ ಒಳ್ಳೆಯ ಮಳೆಯಾದರೆ ಜಲಾಶಯಕ್ಕೆ ನೀರು ಬರುತ್ತದೆ, ಜಲಾಶಯಕ್ಕೆ ನೀರು ಬಂದಿದೆ, ಆದ್ದರಿಂದ ಮಳೆಯಾಗಿದೆ. ಬೇರೆ ಹೊಳೆಯ ನೀರನ್ನು ಕೊಳವೆಯಲ್ಲಿ ತಂದು ತುಂಬಿಸಿದ್ದರೂ ಜಲಾಶಯ ತುಂಬುತ್ತದೆ. ಫಲ ಒಂದೇ ಇದ್ದರೂ ಕಾರಣ ಒಂದೇ ಇರಬೇಕಿಲ್ಲ.

ದಿನಬಳಕೆಯ ಉದಾಹರಣೆ ತರ್ಕದ ಕಲಿಕೆಗೆ ನೆರವಾಗುತ್ತದೆಂಬುದು ಊಹೆಯ ಮಾತಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಒಂದು ಸಮಸ್ಯೆಯನ್ನು ಮುಂದಿಟ್ಟರು. ನಾಲ್ಕು ಕಾರ್ಡುಗಳ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ಒಂದು ಬದಿಯಲ್ಲಿ ಸ್ವರವಿದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರಬೇಕೆಂಬುದು ನಿಯಮ. ಮೇಲಕ್ಕೆ ಕಾಣುತ್ತಿರುವುದು ಒಂದು ಸ್ವರ, ಒಂದು ವ್ಯಂಜನ, ಒಂದು ಸಮಸಂಖ್ಯೆ, ಒಂದು ಬೆಸಸಂಖ್ಯೆ. ನಿಯಮ ಪಾಲನೆಯಾಗಿದೆಯೇ ಎಂದು ತಿಳಿಯಲು ಯಾವ ಕಾರ್ಡುಗಳನ್ನು ತಿರುವಬೇಕು? ಸ್ವರವನ್ನೂ ಬೆಸಸಂಖ್ಯೆಯನ್ನೂ ತಿರುವಬೇಕೆಂಬ ಸರಿಯುತ್ತರವನ್ನು ಕೊಟ್ಟವರು ಕೆಲವೇ ಮಂದಿ. 1982ರಲ್ಲಿ ಅಮೆರಿಕದ ಗ್ರಿಗ್ಸ್ ಮತ್ತು ಕಾಕ್ಸ್ ಇದೇ ಸಮಸ್ಯೆಯನ್ನು ಮದ್ಯಪಾನದ ಕನಿಷ್ಠ ವಯಸ್ಸಿನ ನಿಯಮವಾಗಿ ಬದಲಿಸಿ ಕೇಳಿದಾಗ ಬಹುಪಾಲು ವಿದ್ಯಾರ್ಥಿಗಳು ಸರಿಯುತ್ತರ ಕೊಟ್ಟರು. ರೂಪ ಅದೇ, ವಸ್ತು ಮಾತ್ರ ಪರಿಚಿತ.

ಈ ಸೀಮೆಗೆ ಅದನ್ನು ಬಸ್ಸಿನಲ್ಲಿ ಕೂರಿಸಬಹುದು. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಗೆ ಬಂದಿತು. ಯೋಜನೆಯ ಉಳಿದ ವಿವರಗಳನ್ನು ಬದಿಗಿಟ್ಟು, ‘ಶೂನ್ಯ ಟಿಕೆಟ್ ಇದ್ದರೆ ಪ್ರಯಾಣಿಕರು ಮಹಿಳೆಯಾಗಿರಬೇಕು’ ಎಂಬ ನಿಯಮವನ್ನಷ್ಟೇ ಇಟ್ಟುಕೊಳ್ಳಬಹುದು. ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೊರಟ ಬಸ್ಸು ತುಂಬಿ ತುಳುಕುತ್ತಿದೆ. ತನಿಖೆಗೆ ಹತ್ತಿದವರಿಗೆ ಗದ್ದಲದಲ್ಲಿ ಎರಡು ಕೈಗಳು ಮಾತ್ರ ಕಾಣುತ್ತಿವೆ. ಒಂದರಲ್ಲಿ ಶೂನ್ಯ ಟಿಕೆಟ್, ಇನ್ನೊಂದರಲ್ಲಿ ಹಣ ಕೊಟ್ಟ ಟಿಕೆಟ್. ಎರಡು ಮುಖಗಳು ಮಾತ್ರ ಕಾಣುತ್ತಿವೆ. ಒಬ್ಬ ಗಂಡಸು, ಒಬ್ಬ ಹೆಂಗಸು. ಯಾರನ್ನು ತಪಾಸಣೆ ಮಾಡಬೇಕು? ಶೂನ್ಯ ಟಿಕೆಟ್ ಹಿಡಿದ ಕೈ ಯಾರದೆಂದು ನೋಡಬೇಕು. ಗಂಡಸಿನ ಜೇಬಿನಲ್ಲಿರುವ ಟಿಕೆಟ್ ಯಾವುದೆಂದು ನೋಡಬೇಕು. ಹಣ ಕೊಟ್ಟವರು ಯಾರಾದರೂ ಆಗಿರಲಿ, ಹೆಂಗಸಿನ ಬಳಿ ಯಾವ ಟಿಕೆಟ್ ಆದರೂ ಇರಲಿ, ನಿಯಮ ಮುರಿಯುವುದಿಲ್ಲ. ಪೂರ್ವಾಂಗವನ್ನು ಒಪ್ಪುವುದು ಮತ್ತು ಉತ್ತರಾಂಗವನ್ನು ನಿರಾಕರಿಸುವುದು ಎಂಬ ಎರಡೇ ಸಿಂಧು ಮಾರ್ಗಗಳು ಆ ಎರಡು ತಪಾಸಣೆಗಳಲ್ಲಿವೆ.

5. ಪದದ ಎರಡು ಮುಖ

ಹಾಸ್ಯದ ದೊಡ್ಡ ಪಾಲು ಪದದ ಅನೇಕಾರ್ಥದಿಂದ ಹುಟ್ಟುವಂಥದು. ಕನ್ನಡದ ಪ್ರಮುಖ ಹಾಸ್ಯ ಲೇಖಕರಾದ ಬೀಚಿ (ರಾಯಸಂ ಭೀಮಸೇನರಾವ್) ಹುಟ್ಟಿದ್ದು 1913ರಲ್ಲಿ, ಹರಪನಹಳ್ಳಿಯಲ್ಲಿ. ಕನ್ನಡದ ಒಂದು ಅಕ್ಷರಕ್ಕೆ ಇಂಗ್ಲಿಷ್ ಅಕ್ಷರಗಳನ್ನು ಬೆಸೆದು ಅವರು ತಮ್ಮ ಹೆಸರನ್ನು ಬರೆಯುತ್ತಿದ್ದರು. ಆತ್ಮಕಥೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟು, ಒಂದೇ ಉಚ್ಚಾರದಲ್ಲಿ ಜೀವನಚರಿತ್ರೆಯನ್ನೂ ಭಯವನ್ನೂ ಕೂಡಿಸಿದರು. ಅವರು ಸೃಷ್ಟಿಸಿದ ತಿಮ್ಮ ದಡ್ಡನಂತೆ ಕಂಡರೂ ತರ್ಕ ತಪ್ಪುವುದು ಅಪರೂಪ. ಎದುರಾಳಿಯ ಮಾತನ್ನು ಅಕ್ಷರಶಃ ಒಪ್ಪಿಕೊಂಡು, ಆ ಒಪ್ಪಿಗೆಯಿಂದ ಎದುರಾಳಿ ನಿರೀಕ್ಷಿಸದ ತೀರ್ಮಾನಕ್ಕೆ ನಡೆಯುವುದು ಅವನ ಕ್ರಮ. ನಗೆ ಬೀಳುವುದು ತಿಮ್ಮನ ಮೇಲಲ್ಲ, ಆಧಾರವಾಕ್ಯವನ್ನು ಅಜಾಗರೂಕತೆಯಿಂದ ಕೊಟ್ಟವರ ಮೇಲೆ.

ಬಸ್ ನಿಲ್ದಾಣದಲ್ಲಿ ನಡೆಯಬಹುದಾದ ಮಾತುಕತೆಯೊಂದನ್ನು ಪಾಠಕ್ಕಾಗಿ ಕಟ್ಟಬಹುದು. ‘ಈ ಬಸ್ಸು ಕೊಟ್ಟೂರಿಗೆ ಹೋಗ್ತೈತೇನ್ರೀ?’ ಎಂದು ಹಿರಿಯರೊಬ್ಬರು ಕೇಳುತ್ತಾರೆ. ‘ಬೋರ್ಡ್ ಕಾಣಂಗಿಲ್ಲೇನ್ ಯಜಮಾನ್ರ?’ ಎನ್ನುತ್ತಾನೆ ನಿರ್ವಾಹಕ. ‘ಕಾಣ್ತೈತಪಾ. ಬೋರ್ಡು ದಿನಾ ಕೊಟ್ಟೂರಿಗೇ ಹೋಗ್ತೈತಿ. ನಾ ಕೇಳಿದ್ದು ಬಸ್ಸಿನ ಸುದ್ದಿ.’ ಸಂಕೇತಕ್ಕೂ ಸಂಕೇತಿತ ವಸ್ತುವಿಗೂ ಇರುವ ಅಂತರವನ್ನು ಹಿರಿಯರು ಒಂದೇ ಮಾತಿನಲ್ಲಿ ಬಿಡಿಸಿಟ್ಟಿದ್ದಾರೆ.

ಹಡಗಲಿಯ ಹೆಸರಿನ ನಿರುಕ್ತಿಯೂ ಇಲ್ಲಿ ಪರಿಶೀಲನೆಗೆ ಅರ್ಹ. ಹಂಪೆಗೆ ಹೊಳೆಯ ಮೂಲಕ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ಹೂವಿನಹಡಗಲಿ ಎಂಬ ಹೆಸರು ಬಂದಿತೆಂಬುದು ಜನಪ್ರಿಯ ವಿವರಣೆ. ಹಡಗಲಿಯ ಮಲ್ಲಿಗೆಯ ಖ್ಯಾತಿ ಈ ವಿವರಣೆಗೆ ಬಲ ತಂದಿದೆ. ಆದರೆ ಹೆಸರಿನಲ್ಲಿ ‘ಹಡಗ’ ಎಂಬ ಧ್ವನಿಯಿರುವುದರಿಂದಲೇ ಹಡಗಿತ್ತೆಂದು ಸಾಧಿಸಲಾಗದು. ಊರಿನ ಹಳೆಯ ರೂಪ ಪಕಾರದಿಂದ ಆರಂಭವಾಗುತ್ತಿತ್ತೆಂದು ತೋರಿಸಿದರೂ ವಿವಾದ ಮುಗಿಯುವುದಿಲ್ಲ. ಹಡಗೂ ಹಳಗನ್ನಡದಲ್ಲಿ ಪಡಗೇ ಆಗಿತ್ತು. ಧ್ವನಿಸಾಮ್ಯ ಒಂದು ಸಾಧ್ಯತೆಯನ್ನು ಸೂಚಿಸುತ್ತದೆ. ನಿರ್ಣಯಕ್ಕೆ ಬೇರೆ ಆಧಾರ ಬೇಕು. ಸ್ಥಳನಾಮ ಸಂಶೋಧಕರಿಗೆ ಈ ಎಚ್ಚರ ಹೊಸದಲ್ಲ. ಅದನ್ನೇ ತರ್ಕದ ಪಾಠವಾಗಿಯೂ ಬಳಸಬಹುದೆಂಬುದಷ್ಟೇ ಇಲ್ಲಿನ ಸೂಚನೆ.

ಅದೇ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯ ಸಂದರ್ಭದಲ್ಲಿ ನಡೆಯುವ ಕಾರಣಿಕ ಅನೇಕಾರ್ಥದ ಅಧ್ಯಯನಕ್ಕೆ ಅಪೂರ್ವ ಸಾಮಗ್ರಿ. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಪಾರ ಜನಸ್ತೋಮ ಮೌನವಾಗುತ್ತದೆ. ಆತ ನುಡಿಯುವುದು ಒಂದೇ ವಾಕ್ಯ. ಆ ವಾಕ್ಯದಿಂದ ಮಳೆ, ಬೆಳೆ, ರಾಜಕಾರಣಗಳ ಭವಿಷ್ಯವನ್ನು ಜನ ಓದಿಕೊಳ್ಳುತ್ತಾರೆ. ಯಾವ ವರ್ಷದ ಕಾರಣಿಕವೂ ಅಲ್ಲದ, ಪಾಠಕ್ಕಾಗಿಯೇ ಕಟ್ಟಿದ ಮಾದರಿಯೊಂದನ್ನು ನೋಡಬಹುದು: ‘ಕರಿಯ ಕಂಬಳಿ ಹರಿದೀತಲೇ ಪರಾಕ್.’ ಕರಿಯ ಕಂಬಳಿ ಮೋಡವೆಂದು ಎಲ್ಲರೂ ಒಪ್ಪಿದರೂ ‘ಹರಿ’ ಎಂಬ ಧಾತುವಿಗೆ ಎರಡು ಅರ್ಥ. ಹರಿದು ಚೂರಾದರೆ ಬರಗಾಲ. ನೀರಾಗಿ ಹರಿದರೆ ಸಮೃದ್ಧಿ. ಎರಡು ವಿರುದ್ಧ ತೀರ್ಮಾನಗಳಿಗೂ ಒಂದೇ ವಾಕ್ಯ ಆಧಾರವಾಗಬಲ್ಲದು. ಮಳೆಗಾಲ ಮುಗಿದ ಮೇಲೆ ಯಾವ ಅರ್ಥ ಸರಿಯೆಂಬುದು ನಿರ್ಧಾರವಾಗುತ್ತದೆ. ಆದ್ದರಿಂದ ನುಡಿ ಸುಳ್ಳಾಗುವ ಪ್ರಸಂಗವೇ ಬರುವುದಿಲ್ಲ. ಯಾವ ಸ್ಥಿತಿಯಲ್ಲಿಯೂ ಸುಳ್ಳಾಗದ ವಾಕ್ಯ ಭವಿಷ್ಯದ ಬಗ್ಗೆ ಎಷ್ಟು ಮಾಹಿತಿ ಕೊಡುತ್ತದೆಂಬ ಪ್ರಶ್ನೆಯನ್ನು ತರಗತಿ ಗೌರವದಿಂದಲೇ ಕೇಳಬಹುದು. ಕಾರಣಿಕದ ಸಾಂಸ್ಕೃತಿಕ ಮಹತ್ವ ಇದರಿಂದ ಕುಗ್ಗುವುದಿಲ್ಲ. ಲಕ್ಷಾಂತರ ಜನ ಒಂದು ವಾಕ್ಯದ ಅರ್ಥಕ್ಕಾಗಿ ಉಸಿರು ಹಿಡಿದು ನಿಲ್ಲುವ ಸಮಾಜಕ್ಕೆ ಭಾಷೆಯ ಸೂಕ್ಷ್ಮ ತಿಳಿಯದು ಎನ್ನಲಾಗದು.

6. ಮನೆ ಬಿಡದೆ ಜಿಲ್ಲೆ ಬಿಟ್ಟವರು

ಒಂದೇ ವಸ್ತು ಒಂದೇ ಕಾಲದಲ್ಲಿ, ಒಂದೇ ದೃಷ್ಟಿಯಿಂದ ಇದೆಯೂ ಇಲ್ಲವೂ ಆಗಲಾರದೆಂಬುದು ಅರಿಸ್ಟಾಟಲನ ಅವಿರೋಧ ನಿಯಮ. ‘ಒಂದೇ ಕಾಲದಲ್ಲಿ’ ಎಂಬ ವಿಶೇಷಣವನ್ನು ವಿದ್ಯಾರ್ಥಿಗಳು ಮರೆಯುವುದು ಸಾಮಾನ್ಯ. ಹರಪನಹಳ್ಳಿಯವರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಬೀಚಿಯವರು ಹುಟ್ಟಿದಾಗ ಆ ಊರು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಒಂದೇ ಮನೆಯಲ್ಲಿ ಬಾಳಿದ ವೃದ್ಧರು ವಿಳಾಸವನ್ನು ಇಷ್ಟು ಸಲ ಬದಲಿಸಿರುವಲ್ಲಿ ‘ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿದೆ’ ಎಂಬ ವಾಕ್ಯ ನಿಜವೂ ಸುಳ್ಳೂ ಆಗಿದೆ, ಆದರೆ ಎಂದೂ ಏಕಕಾಲದಲ್ಲಿ ಅಲ್ಲ.

ಇದು ನಗೆಯಲ್ಲಿಯೇ ಮುಗಿಯುವ ಮಾತಲ್ಲ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸೌಲಭ್ಯಗಳು 2013ರಲ್ಲಿ ಜಾರಿಗೆ ಬಂದಾಗ ಅವು ಬಳ್ಳಾರಿಯೂ ಸೇರಿದಂತೆ ಆರು ಜಿಲ್ಲೆಗಳಿಗೆ ಅನ್ವಯಿಸಿದವು. ಆಗ ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಸೌಲಭ್ಯವಿರುವುದು ಈ ಆರು ಜಿಲ್ಲೆಗಳಿಗೆ ಮಾತ್ರ, ಹರಪನಹಳ್ಳಿ ಅವುಗಳಲ್ಲಿಲ್ಲ, ಆದ್ದರಿಂದ ಅದಕ್ಕೆ ಸೌಲಭ್ಯವಿಲ್ಲ. ಅನುಮಾನ ಸಿಂಧುವಾಗಿತ್ತು, ಅದರ ಫಲವನ್ನು ಉಂಡದ್ದು ಉದ್ಯೋಗ ಮತ್ತು ಶಿಕ್ಷಣದ ಅವಕಾಶಕ್ಕೆ ಕಾದಿದ್ದ ಯುವಜನ. ಬಳ್ಳಾರಿಗೆ ಮರಳಬೇಕೆಂಬ ಬೇಡಿಕೆಗೆ ಬಲ ಬಂದದ್ದು ಇದರಿಂದಲೇ. ತೀರ್ಮಾನವನ್ನು ಬದಲಿಸಬೇಕಾದರೆ ಆಧಾರವಾಕ್ಯವನ್ನು ಬದಲಿಸಬೇಕೆಂಬುದನ್ನು ಆ ತಾಲ್ಲೂಕಿನ ಜನ ಪಠ್ಯದ ನೆರವಿಲ್ಲದೆ ಅರಿತಿದ್ದರು.

7. ನಗೆ ನಿಲ್ಲುವ ಸ್ಥಳ

ನಗೆಯ ಉದಾಹರಣೆಗೆ ಒಂದು ಅಪಾಯವಿದೆ. ವಿದ್ಯಾರ್ಥಿಗೆ ಕೋಳಿ ನೆನಪಿರುತ್ತದೆ, ರೂಪ ಮರೆತುಹೋಗುತ್ತದೆ. ಉದಾಹರಣೆಯನ್ನು ತೆಗೆದಿಟ್ಟ ಮೇಲೆ ರೂಪ ಉಳಿದಿದೆಯೇ ಎಂಬುದೇ ಪಾಠದ ಪರೀಕ್ಷೆ. ಅದೇ ರೂಪ ನಗಲಾಗದ ವಿಷಯದಲ್ಲಿ ಎದುರಾದಾಗ ಅದನ್ನು ಗುರುತಿಸುವಂತಾಗಬೇಕು.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೂ ಸೇರಿದಂತೆ ಈ ಸೀಮೆ ದೇವದಾಸಿ ಪದ್ಧತಿಯ ನೋವನ್ನು ಉಂಡದ್ದು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕ 1982ರಲ್ಲಿ ರೂಪಿಸಿತು. ಬಿಡುವುದಕ್ಕೆ ಕೊಡಲಾಗುತ್ತಿದ್ದ ಕಾರಣಗಳಲ್ಲಿ ಒಂದು, ಹುಡುಗಿಯ ತಲೆಯಲ್ಲಿ ಮೂಡಿದ ಜಡೆ. ಗಂಟುಗಟ್ಟಿದ ಕೂದಲು ದೇವಿಯ ಕರೆಯ ಗುರುತೆಂದು ಭಾವಿಸಲಾಗುತ್ತಿತ್ತು. ಆ ವಾದವನ್ನು ಮೂರು ವಾಕ್ಯಗಳಲ್ಲಿ ಬರೆದರೆ ಹೀಗಾಗುತ್ತದೆ. ದೇವಿ ಕರೆದರೆ ತಲೆಯಲ್ಲಿ ಜಡೆ ಮೂಡುತ್ತದೆ. ಈ ಹುಡುಗಿಯ ತಲೆಯಲ್ಲಿ ಜಡೆ ಮೂಡಿದೆ. ಆದ್ದರಿಂದ ದೇವಿ ಇವಳನ್ನು ಕರೆದಿದ್ದಾಳೆ. ಇದು ಮಾಲವಿ ಜಲಾಶಯದ ಅನುಮಾನವೇ. ಜಲಾಶಯದ ನೀರಿಗೆ ಮಳೆಯೊಂದೇ ಕಾರಣವಲ್ಲದಂತೆ, ಎಣ್ಣೆ ನೀರು ಕಾಣದ, ಬಾಚಣಿಗೆ ತಾಗದ ಕೂದಲೂ ಗಂಟುಗಟ್ಟುತ್ತದೆ.

ಇಲ್ಲಿ ತರ್ಕದ ಒಂದು ವಿಶೇಷ ಶಕ್ತಿ ಗೋಚರಿಸುತ್ತದೆ. ಮೊದಲ ವಾಕ್ಯವನ್ನು, ಅಂದರೆ ಮನೆಯ ಹಿರಿಯರ ನಂಬಿಕೆಯನ್ನು, ಸುಳ್ಳೆಂದು ಹೇಳುವ ಅಗತ್ಯವೇ ಇಲ್ಲ. ಅದನ್ನು ಪೂರ್ಣವಾಗಿ ಒಪ್ಪಿಕೊಂಡರೂ ತೀರ್ಮಾನ ಹುಟ್ಟುವುದಿಲ್ಲ. ‘ಅಜ್ಜೀ, ದೇವಿ ಕರೆದರೆ ಜಡೆ ಬರ್ತೈತಿ ಅಂತ ನೀ ಹೇಳಿದ್ದು ಖರೇ ಅಂತಲೇ ಇಟ್ಕೋ. ಜಡೆ ಬಂದೋರನ್ನೆಲ್ಲ ದೇವಿ ಕರೆದಾಳ ಅಂತ ಎಲ್ಲಿ ಹೇಳಿದಿ?’ ಎಂದು ಒಬ್ಬ ಮೊಮ್ಮಗಳು ಕೇಳಬಲ್ಲಳಾದರೆ, ಅವಳು ಜಗಳವಾಡದೆಯೇ ಮನೆಯ ನಿರ್ಧಾರವನ್ನು ತಡೆದು ನಿಲ್ಲಿಸಬಲ್ಲ ಪ್ರಶ್ನೆಯೊಂದನ್ನು ಕಲಿತಿದ್ದಾಳೆ.

ಆದರೆ ದೋಷಯುಕ್ತ ಅನುಮಾನವೇ ಈ ಪದ್ಧತಿಯ ಮೂಲವೆನ್ನುವುದು ಇನ್ನೊಂದು ದೋಷವಾದೀತು. ಬಿಡಲ್ಪಟ್ಟವರಲ್ಲಿ ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳು. ಬಡತನ ಮತ್ತು ಜಾತಿವ್ಯವಸ್ಥೆ ಈ ತೀರ್ಮಾನವನ್ನು ಮೊದಲೇ ಬರೆದಿಟ್ಟಿದ್ದವು. ಜಡೆ ಅದಕ್ಕೆ ಹುಡುಕಿದ ಹೇತು. ಇದನ್ನು ಬಯಲಿಗೆಳೆಯಲೂ ತರ್ಕದ ಒಂದು ಸರಳ ಪ್ರಶ್ನೆ ಸಾಕು. ಹೇತು ಒಂದೇ ಆಗಿದ್ದರೆ ತೀರ್ಮಾನವೂ ಎಲ್ಲೆಡೆ ಒಂದೇ ಆಗಬೇಕು. ಕೂದಲು ಯಾರ ತಲೆಯಲ್ಲಿಯಾದರೂ ಗಂಟುಗಟ್ಟಬಹುದಾದಾಗ, ಕರೆ ಮಾತ್ರ ಒಂದೇ ಕೇರಿಗೆ ಬರುವುದೇಕೆ?

ಸಮಾರೋಪ

ಐದು ತಾಲ್ಲೂಕುಗಳ ಆಡುಮಾತಿನಲ್ಲಿ ತರ್ಕದ ಆರಂಭಿಕ ಪಾಠಗಳಿಗೆ ಬೇಕಾದ ಬಹುತೇಕ ರೂಪಗಳು ಲಭ್ಯವಿವೆ. ಸತ್ಯ ಮತ್ತು ಸಿಂಧುತ್ವದ ಅಂತರಕ್ಕೆ ಎತ್ತಿನ ಗಾದೆ, ಪರಿವರ್ತನೆಗೆ ಹಾಲಿನ ಗಾದೆ, ಷರತ್ತಿನ ವಾಕ್ಯಕ್ಕೆ ಕೋಳಿ ಮತ್ತು ಬಸ್ಸು, ಅನೇಕಾರ್ಥಕ್ಕೆ ಕಾರಣಿಕ, ಅವಿರೋಧ ನಿಯಮಕ್ಕೆ ಹರಪನಹಳ್ಳಿಯ ವಿಳಾಸ. ಕನ್ನಡ ಅಧ್ಯಾಪಕರು ಗಾದೆಯನ್ನು ಜಾನಪದದ ಪಾಠದಲ್ಲಿ, ನಿಷೇಧ ಮತ್ತು ‘-ರೆ’ ಪ್ರತ್ಯಯವನ್ನು ವ್ಯಾಕರಣದ ಪಾಠದಲ್ಲಿ, ಬೀಚಿಯವರನ್ನು ಹಾಸ್ಯ ಸಾಹಿತ್ಯದ ಪಾಠದಲ್ಲಿ ಪ್ರತ್ಯೇಕವಾಗಿ ಕಲಿಸುತ್ತ ಬಂದಿದ್ದಾರೆ. ಇವುಗಳನ್ನು ಒಂದೆಡೆ ತಂದಾಗ ತರ್ಕದ ಪ್ರವೇಶ ಪಠ್ಯವೊಂದು ಅನುವಾದದ ಹಂಗಿಲ್ಲದೆ ರೂಪುಗೊಳ್ಳಬಲ್ಲದು. ಪ್ರತಿ ಪ್ರದೇಶದ ಕಾಲೇಜುಗಳಲ್ಲಿಯೂ ಆಯಾ ಸೀಮೆಯ ಗಾದೆ, ಒಗಟು, ನಗೆಮಾತುಗಳನ್ನು ಅನುಮಾನದ ರೂಪಕ್ಕೆ ಅನುಗುಣವಾಗಿ ವರ್ಗೀಕರಿಸುವ ಕೆಲಸವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು.

ಅಜ್ಜಿಯ ಕೋಳಿಗೆ ನಕ್ಕ ವಿದ್ಯಾರ್ಥಿನಿ ಜಡೆಯ ವಾದದ ಮುಂದೆ ತಡೆದು ನಿಂತು ‘ಇದು ಹೇಗೆ ಬಂತು?’ ಎಂದು ಕೇಳಿದಾಗ ಪಾಠ ಸಾರ್ಥಕವಾಯಿತೆಂದು ತಿಳಿಯಬಹುದು. ಸಾಕ್ರೆಟಿಸನಾದರೂ ಅಥೆನ್ಸಿನ ಸಂತೆಯಲ್ಲಿ ಕೇಳುತ್ತಿದ್ದುದು ಆ ಪ್ರಶ್ನೆಯನ್ನೇ.